ಹೊಲಿಗೆ ಯಂತ್ರಕ್ಕೆ ಲಸಿಕೆ

ಬಹಳ ವರ್ಷ ಸರ್ಕಾರಿ ಕುರ್ಚಿಯಲ್ಲಿ ಕೂತವನಿಗೆ ಸ್ವಂತದ್ದೆಂದು ಹೇಳಿಕೊಳ್ಳಲು ಒಂದು ವಾಕ್ಯವಾದರೂ ಇರುತ್ತದೆ. ನನ್ನದು ಇದು: ‘ಸದರಿ ಯೋಜನೆಯಿಂದ ಯಾವುದೇ ರೀತಿಯ ಸಾಮಾಜಿಕ ಅಸಮಾನತೆ ಉಂಟಾಗುವುದಿಲ್ಲ.’ ರಾಯಚೂರಿನ ನಮ್ಮ ಕಚೇರಿಗೆ ಹೊಸ ಯೋಜನೆಯ ಕರಡು ಬಂದರೆ, ಅದರಿಂದ ಯಾರು ಮೇಲೆ ಬರುತ್ತಾರೆ, ಯಾರು ಇದ್ದಲ್ಲೇ ಉಳಿಯುತ್ತಾರೆ ಎಂದು ಒಂದು ನಮೂನೆಯಲ್ಲಿ ತುಂಬಿ ಕಳಿಸುವುದು ನನ್ನ ಕೆಲಸ. ಅದಕ್ಕಾಗಿ ಹಳ್ಳಿಗೆ ಹೋಗಿ ಜನರನ್ನು ಕೇಳಬೇಕೆಂದು ನಿಯಮವಿದೆ. ನಾನು ಫ್ಯಾನಿನ ಕೆಳಗೆ ಕೂತೇ ಹೋಗಿ ಬರುತ್ತಿದ್ದೆ. ಒಮ್ಮೆ ದೇವದುರ್ಗದ ಸ್ಥಳ ಪರಿಶೀಲನಾ ವರದಿಯಲ್ಲಿ ಅಲ್ಲಿನ ಬೇವಿನ ಮರದ ನೆರಳನ್ನು ಎಷ್ಟು ಚೆನ್ನಾಗಿ ವರ್ಣಿಸಿದ್ದೆನೆಂದರೆ, ನನಗೇ ಒಮ್ಮೆ ದೇವದುರ್ಗ ನೋಡಬೇಕೆನಿಸಿತ್ತು.

ಆಡಳಿತದ ಈ ಅನುಭವವನ್ನು ನಾನು ಕಚೇರಿಯಲ್ಲೇ ಬಿಟ್ಟು ಬರುವವನಲ್ಲ. ಮನೆಯಲ್ಲೂ ಒಂದು ಯೋಜನೆ ಜಾರಿಗೆ ತಂದಿದ್ದೆ. ನಮ್ಮಲ್ಲಿ ಪಾತ್ರೆ ತೊಳೆಯಲು ಬರುವ ಮಾಬೂಬಿ ಒಂದು ದಿನ ಏಳಕ್ಕೆ ಬಂದರೆ ಮರುದಿನ ಎಂಟಾದರೂ ಪತ್ತೆಯಿರುವುದಿಲ್ಲ. ತೊಳೆದ ಲೋಟವಿಲ್ಲದೆ ನನ್ನ ಬೆಳಗಿನ ಚಹಾ ತಡವಾಗುತ್ತದೆ. ಬೈದು ಜಗಳ ಮಾಡುವ ಜಾಯಮಾನ ನನ್ನದಲ್ಲ. ಆದ್ದರಿಂದ ಪ್ರೋತ್ಸಾಹಕ ಯೋಜನೆಯೊಂದನ್ನು ಘೋಷಿಸಿದೆ: ತಿಂಗಳು ಪೂರ್ತಿ ಏಳಕ್ಕೆ ಸರಿಯಾಗಿ ಬಂದರೆ ಒಂದು ಇಳಕಲ್ ಸೀರೆ. ಸೀರೆಯನ್ನು ಆಗಲೇ ತಂದು ಅಲಮಾರಿನಲ್ಲಿ ಇಟ್ಟೂ ಆಗಿತ್ತು. ಅದು ಅಲ್ಲಿ ನುಸಿಗುಳಿಗೆಗಳ ಜೊತೆ ಮೂರು ವರ್ಷದಿಂದ ಫಲಾನುಭವಿಯ ದಾರಿ ಕಾಯುತ್ತಿತ್ತು. ನನ್ನ ಹೆಂಡತಿ ಗಿರಿಜಾ ಅಲಮಾರು ತೆಗೆದಾಗಲೆಲ್ಲ ಆ ಸೀರೆಯನ್ನೂ ನನ್ನನ್ನೂ ಒಂದೇ ತರಹ ನೋಡುತ್ತಿದ್ದಳು.

ಹೀಗಿರುವಾಗ ಮಾನ್ವಿ ಮತ್ತು ದೇವದುರ್ಗ ತಾಲ್ಲೂಕುಗಳ ಬಡ ಹೆಣ್ಣುಮಕ್ಕಳಿಗೆ ಹೊಲಿಗೆ ಯಂತ್ರ ಕೊಡುವ ಕರಡೊಂದು ಬಂತು. ಮೂವತ್ತು ದಿನದ ತರಬೇತಿ, ಬೆಳಿಗ್ಗೆ ಹತ್ತರಿಂದ ಎರಡು, ಪೂರ್ತಿ ಹಾಜರಾತಿ ಇದ್ದವರಿಗೆ ಯಂತ್ರ. ನಾನು ಎಂದಿನಂತೆ ಹಿಂದಿನ ಕಡತ ತೆಗೆದು, ಹಳೆಯ ಹೆಸರು ಅಳಿಸಿ ಹೊಸ ಹೆಸರು ಹಾಕಿ, ಕೊನೆಗೆ ನನ್ನ ವಾಕ್ಯ ಬರೆದು ಕಳಿಸಿದೆ. ಹಿಂದಿನ ಕಡತ ಕುರಿ ಹಂಚಿಕೆಯದಾಗಿತ್ತು.

ಎರಡು ದಿನಕ್ಕೆ ಅದು ಕೆಂಪು ಶಾಯಿಯ ಸುತ್ತಿನೊಂದಿಗೆ ವಾಪಸಾಯಿತು. ಪಕ್ಕದಲ್ಲಿ ಸಾಹೇಬರ ಅಕ್ಷರ: ‘ಖುದ್ದಾಗಿ ಹೋಗಿ ನೋಡಿ ಬರೆಯಿರಿ.’ ಮುಖ ಸಣ್ಣದು ಮಾಡಿಕೊಂಡು ಕಡತವನ್ನು ಮನೆಗೆ ತಂದೆ. ಭಾನುವಾರ ಬೆಳಿಗ್ಗೆ ಗಿರಿಜಾ ಅದನ್ನು ಎತ್ತಿಕೊಂಡು ಗಟ್ಟಿಯಾಗಿ ಓದಿದಳು: “ಫಲಾನುಭವಿಗಳು ಹೊಲಿಗೆ ಯಂತ್ರಗಳಿಗೆ ಸಕಾಲದಲ್ಲಿ ಲಸಿಕೆ ಹಾಕಿಸಿ, ಮಳೆಗಾಲದಲ್ಲಿ ಬೆಚ್ಚಗಿನ ಜಾಗದಲ್ಲಿ ಕಟ್ಟತಕ್ಕದ್ದು.” ಆಮೇಲೆ ನಗು ತಡೆಯಲಾರದೆ ಕಂಬ ಹಿಡಿದುಕೊಂಡಳು.

“ಏನ್ರಿ ಇದು, ಮಷೀನು ಮರಿ ಹಾಕಿದ್ರ ಅದನ್ನೂ ಬರ್ಕೋತೀರೇನ್ರಿ?”

ಬಚ್ಚಲಲ್ಲಿ ಪಾತ್ರೆ ಉಜ್ಜುತ್ತಿದ್ದ ಮಾಬೂಬಿ ಮಾತ್ರ ನಗಲಿಲ್ಲ. ಕೈ ನಿಲ್ಲಿಸಿ ಕೇಳಿದಳು: “ಸಾಹೇಬ್ರ, ಆ ಮಷೀನು ಮಾನ್ವ್ಯಾಗೂ ಕೊಡ್ತಾರೇನ್ರಿ? ಎಷ್ಟು ಹೊತ್ತಿಗೆ ಹೋಗಬೇಕ್ರಿ?”

ಹೇಳಿದೆ. ಅವಳು ಬೆರಳು ಮಡಿಚಿ ಏನೋ ಲೆಕ್ಕ ಹಾಕಿ, ಮತ್ತೆ ಬೂದಿ ತೆಗೆದುಕೊಂಡಳು. “ಹಂಗಾದ್ರ ನಮ್ಮ ರಿಹಾನಾಗ ಬರಂಗಿಲ್ಲ ಬಿಡ್ರಿ.” ರಿಹಾನಾ ಅವಳ ಮಗಳು. ಮಾನ್ವಿಗೆ ಕೊಟ್ಟಿದ್ದು, ಗಂಡ ತೀರಿಕೊಂಡ ಮೇಲೆ ಅಕ್ಕಿ ಮಿಲ್ಲೊಂದರಲ್ಲಿ ಕೂಲಿ ಮಾಡುತ್ತಾಳೆ. ಅಷ್ಟು ವರ್ಷ ನಮ್ಮ ಮನೆಯಲ್ಲಿ ಕೆಲಸ ಮಾಡಿದವಳ ಮಗಳ ಹೆಸರು ನನಗೆ ಗೊತ್ತಾದದ್ದು ಅಂದೇ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇನೆ.

ಹೇಗಿದ್ದರೂ ಹೋಗಲೇಬೇಕಿತ್ತು. ಗಿರಿಜಾ ಆಜ್ಞೆ ಮಾಡಿದಳು, ಮರುದಿನ ಮಾಬೂಬಿಯನ್ನೇ ಕರೆದುಕೊಂಡು ಮಾನ್ವಿ ಬಸ್ಸು ಹತ್ತಿದೆ. ಕಂಡಕ್ಟರು ಅವಳ ಆಧಾರ್ ಕಾರ್ಡು ನೋಡಿ ಹೆಂಗಸರ ಸೊನ್ನೆ ಟಿಕೆಟ್ ಹರಿದು ಕೊಟ್ಟು, ನನ್ನ ಮುಂದೆ ಕೈ ಚಾಚಿದ. ಅವಳಿಗೆ ಕಿಟಕಿ ಪಕ್ಕದ ಸೀಟು, ನನಗೆ ಕಂಬಿ. ಯೋಜನೆಯೊಂದರ ಪರಿಣಾಮವನ್ನು ನಾನು ನಿಂತುಕೊಂಡು ಅನುಭವಿಸಿದ್ದು ಅದೇ ಮೊದಲು. ಕಲ್ಮಲ ದಾಟುವಷ್ಟರಲ್ಲಿ ಅವಳಿಗೆ ಕನಿಕರ ಹುಟ್ಟಿತು. “ಸಾಹೇಬ್ರ, ನೀವು ಸ್ವಲ್ಪ ಹೊತ್ತು ಕುಂದರ್ರಿ, ನಾ ನಿಂದರ್ತೀನಿ,” ಎಂದು ಎದ್ದಳು. ಸುತ್ತಲಿನ ಹೆಂಗಸರೆಲ್ಲ ನನ್ನನ್ನು ನೋಡಿದ ನೋಟಕ್ಕೆ ಮಾನ್ವಿ ಬರುವವರೆಗೂ ಕಂಬಿಯನ್ನು ಬಿಡಲಿಲ್ಲ.

ಮಿಲ್ಲಿನ ಹಿಂದೆ ಅಗಲವಾದ ಸಿಮೆಂಟಿನ ಕಣ. ಬೇಯಿಸಿದ ಭತ್ತವನ್ನು ಅದರ ತುಂಬ ಹರವಿದ್ದರು. ಐದಾರು ಹೆಣ್ಣುಮಕ್ಕಳು ಪಾದ ಎಳೆಯುತ್ತ, ಸಾಲು ಹಿಡಿದು ಅದನ್ನು ತಿರುವುತ್ತಿದ್ದರು. ಮಾಬೂಬಿ ಕೂಗಿದಳು. ರಿಹಾನಾ ತಾಯಿಯನ್ನು ನೋಡಿ ನಕ್ಕಳು, ಆದರೆ ನಿಲ್ಲಲಿಲ್ಲ.

ಪೆನ್ನು ತೆಗೆದು, “ಸ್ವಲ್ಪ ಇಲ್ಲಿ ಬಂದು ಕೂತ್ಕೋಮ್ಮಾ, ಮೂರೇ ಪ್ರಶ್ನೆ,” ಎಂದೆ.

“ಕುಂದ್ರಾಕ ಆಗಂಗಿಲ್ರಿ ಸಾಹೇಬ್ರ. ತಿರುವದು ತಡಾ ಆದ್ರ ಅಕ್ಕಿ ಒಡೀತಾವ. ನೀವು ಕೇಳ್ಕೋತ ಬರ್ರಿ, ನಾ ಹೇಳ್ಕೋತ ನಡೀತೀನಿ.”

ಅನ್ನದ ಕಾಳನ್ನು ಚಪ್ಪಲಿ ಹಾಕಿ ತುಳಿಯಬಾರದು. ಚಪ್ಪಲಿ ಬಿಟ್ಟು, ಪ್ಯಾಂಟು ಮಡಿಚಿ ಅವಳ ಹಿಂದೆ ಇಳಿದೆ. ಹನ್ನೆರಡರ ಬಿಸಿಲಿಗೆ ಆ ಕಣ ರೊಟ್ಟಿ ಹಂಚಿನ ಹಾಗೆ ಕಾದಿತ್ತು. ನಾನು ಒಂದೊಂದೇ ಕಾಲೆತ್ತಿ ಕುಣಿಯುತ್ತ, ‘ಸದರಿ ಯೋಜನೆಯಿಂದ ತಮಗೆ...’ ಎಂದು ಓದುತ್ತಿದ್ದರೆ ಉಳಿದವರು ಸೆರಗು ಬಾಯಿಗೆ ಹಿಡಿದರು.

“ಒಂದು ತಿಂಗಳು ಮಿಲ್ಲು ಬಿಟ್ಟು ತರಬೇತಿಗೆ ಹೋದರೆ?”

“ನನ್ನ ಜಾಗಾಕ್ಕ ಬ್ಯಾರೇದವ್ರು ಬರ್ತಾರ್ರಿ. ಮಷೀನು ಸಿಗ್ತದ ಖರೆ. ಹೊಲಿಸಾವ್ರು ನನ್ನ ಗುರ್ತು ಹಿಡಿಯೋತನಕ ಹುಡುಗ್ರಿಗೆ ಏನ್ ಹಾಕ್ಲಿ?”

“ಮಿಲ್ಲಿಗೆ ರಜಾ ಇಲ್ವಾ?”

“ಅಮಾಸಿಗೊಮ್ಮಿ ಅದ ರೀ. ಅವತ್ತು ಮಾಲಕರು ಪೂಜಿ ಮಾಡಿ ಬಂದ್ ಇಡ್ತಾರ.” ಸಾಲಿನ ತುದಿ ಮುಟ್ಟಿ ಹೊರಳಿದಳು. “ಸಾಹೇಬ್ರ, ಅಮಾಸಿಗೊಂದು ಪಾಠ ಮಾಡಾಕ ಬರಂಗಿಲ್ಲೇನ್ರಿ?”

ಅಮಾವಾಸ್ಯೆಗೊಂದು ಪಾಠವೆಂದರೆ ಮೂವತ್ತು ಪಾಠ ಮುಗಿಯಲು ಎರಡೂವರೆ ವರ್ಷ. ನಗುತ್ತ ಹಾಗೇ ಹೇಳಿದೆ. ಅವಳು ನಗಲಿಲ್ಲ.

“ಆಗ್ಲಿ ಬಿಡ್ರಿ. ಆರು ವರ್ಷದಿಂದ ಇದನ್ನ ತುಳಿಯಾಕತ್ತೀನಿ. ಇನ್ನ ಎರಡೂವರಿ ಏನು ದೊಡ್ಡದ್ರಿ.”

ಹೊರಡುವಾಗ ಮಾಬೂಬಿ ಮಗಳ ರವಿಕೆಯ ತೋಳನ್ನು ನನಗೆ ತೋರಿಸಿದಳು. ಯಂತ್ರವಿಲ್ಲದೆ ರಿಹಾನಾ ಕೈಯಲ್ಲೇ ಹೊಲಿದದ್ದು. ಅಷ್ಟು ಸಣ್ಣ, ಅಷ್ಟು ಸಮನಾದ ಹೊಲಿಗೆಯನ್ನು ನಾನು ನೋಡಿರಲಿಲ್ಲ. ನನಗೆ ದುಃಖವೇ ಆಯಿತು. ಪಾದ ಸುಟ್ಟದ್ದಕ್ಕೆ ಕಣ್ಣಲ್ಲಿ ನೀರು ಬಂತೆಂದು ಅವರಿಬ್ಬರೂ ತಿಳಿದರು. ನಾನು ತಿದ್ದಲು ಹೋಗಲಿಲ್ಲ.

ಆ ವಾರ ದೇವದುರ್ಗಕ್ಕೂ ನಿಜವಾಗಿ ಹೋದೆ. ನಾನು ವರ್ಣಿಸಿದ್ದ ಬೇವಿನ ಮರ ಅಲ್ಲಿರಲಿಲ್ಲ. ಆ ತಾಲ್ಲೂಕಿನ ಜಾಲಹಳ್ಳಿ ಕಡೆಯ ಹೆಣ್ಣುಮಕ್ಕಳು ಹತ್ತಿ ಬಿಡಿಸಲು ಹೋಗಿದ್ದರು, ಅವರನ್ನು ಹೊಲದಲ್ಲೇ ಹುಡುಕಬೇಕಾಯಿತು. ವಾಪಸು ಬಂದು ನನ್ನ ಹಳೆಯ ವಾಕ್ಯದ ಮೇಲೆ ಗೆರೆ ಎಳೆದು ಬರೆದೆ: ‘ಈ ಯೋಜನೆ, ಹಗಲು ಹತ್ತರಿಂದ ಎರಡರವರೆಗೆ ಬಿಡುವಿರುವವರಿಗೆ ಯಂತ್ರ ಕೊಡುತ್ತದೆ. ಯಂತ್ರ ಯಾರಿಗೆ ಬೇಕೋ ಅವರು ಆ ಹೊತ್ತಿನಲ್ಲಿ ಭತ್ತ ತಿರುವುತ್ತಿರುತ್ತಾರೆ. ಪಾಠ ಸಂಜೆಗೆ ಇಡಬೇಕು. ತಪ್ಪಿದ ದಿನದ ಪಾಠವನ್ನು ಇನ್ನೊಂದು ದಿನ ಕಲಿಯಲು ಬಿಡಬೇಕು.’

ಸಾಹೇಬರು ಎರಡು ಸಲ ಓದಿ ಕನ್ನಡಕ ತೆಗೆದರು. “ಇಷ್ಟು ವರ್ಷ ನಮ್ಮ ಜಿಲ್ಲಾದಾಗ ಅಸಮಾನತೆನೇ ಇದ್ದಿಲ್ಲಲ್ರಿ. ಈಗ ಎಲ್ಲಿಂದ ಬಂತು?”

“ನಾನೇ ತಡೆದು ನಿಲ್ಲಿಸಿದ್ದೆ ಸರ್,” ಎಂದೆ. ಅವರು ಕನ್ನಡಕ ಮತ್ತೆ ಏರಿಸಿ ಸಹಿ ಹಾಕಿದರು.

ಎರಡು ತಿಂಗಳಿಗೆ ಉತ್ತರ ಬಂತು. ಮಾನ್ವಿಯಲ್ಲಿ ಸಂಜೆ ಪಾಠಕ್ಕೆ ಒಪ್ಪಿಗೆ, ದೇವದುರ್ಗದ್ದು ಪರಿಶೀಲನೆಯಲ್ಲಿದೆ. ಅರ್ಧವೇ ಆಗಿದ್ದರೂ ಓಡಿ ಬಂದು ಮನೆಯಲ್ಲಿ ಓದಿ ಹೇಳಿದೆ. ಸಂಜೆಯ ಪಾತ್ರೆಗೆ ಬಂದಿದ್ದ ಮಾಬೂಬಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಕಾಗದವನ್ನು ಸುಮ್ಮನೆ ಮುಟ್ಟಿ ನೋಡಿದಳು. ನಾನು ದೊಡ್ಡ ಮನುಷ್ಯನ ಹಾಗೆ ಕುರ್ಚಿಗೆ ಒರಗಿದೆ. ಅಷ್ಟರಲ್ಲಿ ಗಿರಿಜಾ ನನ್ನ ಚೀಲದಿಂದ ಒಂದು ಖಾಲಿ ನಮೂನೆ ತೆಗೆದು ಎದುರಿಗಿಟ್ಟಳು.

“ಹಂಗ ನಮ್ಮನಿ ಸೀರಿ ಯೋಜನಾದ್ದೂ ಒಂದು ತುಂಬ್ರಿ. ಮೂರು ವರ್ಷದಾಗ ಫಲಾನುಭವಿ ಎಷ್ಟು ಮಂದಿ? ಆಕಿ ಯಾಕ ತಡಾ ಮಾಡ್ತಾಳಂತ ಒಮ್ಮ್ಯಾದ್ರೂ ಕೇಳೀರೇನು?”

ಕೇಳಿರಲಿಲ್ಲ. ಆಗ ಕೇಳಿದೆ. ಮಾಬೂಬಿ ತಪ್ಪು ತನ್ನದೇ ಎಂಬಂತೆ ತಲೆ ತಗ್ಗಿಸಿದಳು. “ನಮ್ಮ ಓಣ್ಯಾಗ ದಿನಾ ಬಿಟ್ಟು ದಿನಾ ನಳ ಬರ್ತದ್ರಿ, ಅದೂ ಏಳಕ್ಕೇ. ನೀರು ತುಂಬಿ ಬರಬೇಕಲ್ರಿ.”

ನಾನು ಎದ್ದು ಅಲಮಾರಿನಿಂದ ಸೀರೆ ತಂದು ಕೊಟ್ಟೆ. ನುಸಿಗುಳಿಗೆಯ ವಾಸನೆಗೆ ಅವಳು ಸೀನಿದಳು. ಆಮೇಲೆ ಮಡಿಕೆ ಬಿಚ್ಚಿ, ಅದರೊಳಗಿನ ರವಿಕೆ ಬಟ್ಟೆಯನ್ನು ಬೆರಳಲ್ಲಿ ಸವರಿ, ಹಾಗೇ ಮತ್ತೆ ಮಡಿಚಿದಳು. “ಈಗ ಹೊಲಿಸಂಗಿಲ್ರಿ ಅಕ್ಕಾರ. ರಿಹಾನಾ ಕಲೀಲಿ, ಆಕೀನೇ ಹೊಲೀತಾಳ,” ಎಂದು ಗಿರಿಜಾಗೆ ಹೇಳಿದಳು.

ಮರುದಿನ ಏಳಾಯಿತು, ಏಳೂವರೆಯಾಯಿತು, ಮಾಬೂಬಿ ಬರಲಿಲ್ಲ. ಅಭ್ಯಾಸಬಲ, ನಾನು ಗಡಿಯಾರ ನೋಡಿದೆ. ಗಿರಿಜಾ ನನ್ನನ್ನು ನೋಡಿದಳು. ನಾನು ಎದ್ದು ಬಚ್ಚಲಿಗೆ ಹೋಗಿ ನನ್ನ ಲೋಟ ತೊಳೆದುಕೊಂಡೆ. ಅರ್ಧ ನಿಮಿಷದ ಕೆಲಸ.