ಮೂರು ತಿಂಗಳ ಗಡುವು, ನಾಲ್ಕು ದಿನದ ಹಣ್ಣು

ಕೋರ್ಟು ಎಂದರೆ ಜನರಿಗೆ ಹೆದರಿಕೆ. ಇಪ್ಪತ್ತು ವರ್ಷದಿಂದ ಶಿರಸಿಯಲ್ಲಿ ಕರಿಕೋಟು ಹಾಕಿಕೊಂಡು ಓಡಾಡುವ ನನಗೆ ಹೆದರಿಕೆಯಾಗುವುದು ನಗು ತಡೆಯಬೇಕಾದಾಗ ಮಾತ್ರ. ವಕೀಲಿಕೆಯ ಜೊತೆಗೆ ಮಧ್ಯಸ್ಥಿಕೆಯ ತರಬೇತಿ ಮುಗಿಸಿ ಬಂದ ಮೇಲಂತೂ ಈ ಸಂಕಟ ವಾರಕ್ಕೊಮ್ಮೆ ತಪ್ಪಿದ್ದಲ್ಲ. ಒಂದೇ ವ್ಯಾಜ್ಯದಲ್ಲಿ ಆದದ್ದಷ್ಟನ್ನು ಇಲ್ಲಿ ಹೇಳುತ್ತೇನೆ. ಮಧ್ಯಸ್ಥಿಕೆಯ ಮಾತು ಹೊರಗೆ ಆಡಬಾರದು, ನಿಜ. ಆದರೆ ಆ ಇಬ್ಬರೂ ಈಗಾಗಲೇ ಊರೆಲ್ಲ ಹೇಳಿಕೊಂಡು ಬಂದಿದ್ದಾರೆ, ನನಗೂ ಬರೆಯಲು ಒಪ್ಪಿಗೆ ಕೊಟ್ಟಿದ್ದಾರೆ.

೧. ತುರ್ತು

ಒಬ್ಬರು ಬನವಾಸಿಯ ಅನಾನಸ್ ವ್ಯಾಪಾರಿ, ಇನ್ನೊಬ್ಬರು ಯಲ್ಲಾಪುರದ ಲಾರಿ ಮಾಲೀಕರಾದ ಸಾಹೇಬರು. ಹದಿನೈದು ವರ್ಷದಿಂದ ಇವರ ಹಣ್ಣು ಅವರ ಲಾರಿಯಲ್ಲೇ ಗೋವಾಕ್ಕೆ ಹೋಗುತ್ತಿತ್ತು. ಒಂದು ಸಲ ಘಟ್ಟದಲ್ಲಿ ಟ್ಯಾಂಕರ್ ಅಡ್ಡ ಬಿದ್ದು ಲಾರಿ ಎರಡು ದಿನ ನಿಂತಿತು. ಹಣ್ಣು ಕೊಳೆಯಿತು. ಫೋನಿನಲ್ಲಿ ಮಾತಿಗೆ ಮಾತು ಬೆಳೆದು, ವ್ಯಾಪಾರಿ ಬೇರೊಬ್ಬ ವಕೀಲರ ಬಳಿ ಹೋದರು.

ವಾಣಿಜ್ಯ ವ್ಯಾಜ್ಯವಾದರೆ ದಾವೆ ಹಾಕುವ ಮೊದಲೇ ಮಧ್ಯಸ್ಥಿಕೆಗೆ ಹೋಗಬೇಕು. ತುರ್ತಾಗಿ ತಡೆಯಾಜ್ಞೆ ಬೇಕಾದವರಿಗೆ ಮಾತ್ರ ವಿನಾಯಿತಿ. ಅವರ ವಕೀಲರು ಆ ವಿನಾಯಿತಿಯನ್ನೇ ಹಿಡಿದು, ಎದುರಾಳಿ ಲಾರಿ ಮಾರಿಬಿಡುತ್ತಾರೆ, ಕೂಡಲೇ ತಡೆಯಬೇಕು ಎಂದು ನೇರವಾಗಿ ದಾವೆ ಹಾಕಿದರು. ಆ ದಿನ ಬೇರೆ ಕೆಲಸಕ್ಕೆ ನಾನೂ ಕೋರ್ಟಿನಲ್ಲಿದ್ದೆ. ನ್ಯಾಯಾಧೀಶರು ವ್ಯಾಪಾರಿಯನ್ನೇ ಕೇಳಿದರು:

"ಅವರು ಲಾರಿ ಮಾರುತ್ತಾರೆ ಅಂತ ನಿಮಗೆ ಭಯವೇ?"

"ಅದನ್ನ ಯಾರು ತಗೋತಾರ್ರಿ ಸಾಹೇಬ್ರ? ಅವರನ್ನ, ಅವರ ಡ್ರೈವರ್‌ನ್ನ ಬಿಟ್ರ ಅದು ಯಾರ ಕೈಗೂ ಚಾಲೂ ಆಗಂಗಿಲ್ಲ!"

ವಕೀಲರು ಕಡತದಲ್ಲಿ ಮುಖ ಮುಚ್ಚಿಕೊಂಡರು. ತುರ್ತು ಏನೂ ಇಲ್ಲವೆಂದು ದಾವೆ ವಾಪಸಾಯಿತು, ಕೆಲವು ದಿನಕ್ಕೆ ಕೇಸು ಮಧ್ಯಸ್ಥಿಕೆಗೆಂದು ನನ್ನ ಮೇಜಿಗೆ ಬಂತು.

೨. ಬಂದ ಬಗೆ

ಮೂರು ತಿಂಗಳೊಳಗೆ ಮುಗಿಸಬೇಕು, ಇಬ್ಬರೂ ಒಪ್ಪಿದರೆ ಮತ್ತೆರಡು ತಿಂಗಳು ಸಿಗುತ್ತದೆ. ನಾನು ಮೊದಲ ತಾರೀಖು ಕೊಟ್ಟು ನೋಟಿಸು ಕಳಿಸಿದೆ. ಹನ್ನೊಂದು ಗಂಟೆಗೆ ಇಬ್ಬರದೂ ಪತ್ತೆ ಇಲ್ಲ. ಅರ್ಧ ಗಂಟೆ ತಡವಾಗಿ ಹೊರಗೆ ಒಂದು ಲಾರಿ ನಿಂತಿತು. ಈ ಬಾಗಿಲಿನಿಂದ ಸಾಹೇಬರು ಇಳಿದರು, ಆ ಬಾಗಿಲಿನಿಂದ ವ್ಯಾಪಾರಿ. ಇಬ್ಬರ ಮುಖವೂ ಬೇರೆ ಬೇರೆ ದಿಕ್ಕಿಗೆ.

"ಒಂದೇ ಲಾರಿಯಲ್ಲಿ ಬಂದಿರಾ?" ಎಂದೆ.

"ಬಸ್ ತಪ್ಪಿತ್ರಿ," ಎಂದರು ವ್ಯಾಪಾರಿ. "ಇವರು ಬನವಾಸಿಗೆ ಸಿಮೆಂಟ್ ಇಳಸಾಕ ಬಂದಿದ್ರು. ಅದು ಬ್ಯಾರೆ, ಇದು ಬ್ಯಾರೆ."

"ಹಾಗಾದರೆ ದಾರಿಯಲ್ಲೇ ಮಾತಾಡಿಕೊಂಡಿರಬೇಕಲ್ಲ?"

ಸಾಹೇಬರಿಗೆ ಬೇಜಾರಾಯಿತು. "ಛೆ ಛೆ, ಕೇಸು ಇದೆಯಲ್ಲ ಮೇಡಂ! ಒಂದೇ ಒಂದು ಸಲ ಮಾತಾಡಿದ್ರು. 'ಎದುರಿಗೆ ಎಮ್ಮಿ ಐತಿ' ಅಂದ್ರು. ಅಷ್ಟೇ."

೩. ಎರಡು ಗುಟ್ಟು

ನಮ್ಮ ಮಧ್ಯಸ್ಥಿಕೆ ಕೇಂದ್ರಕ್ಕೆ ಇದ್ದದ್ದೇ ಒಂದು ಕೋಣೆ. ನಡುವೆ ಪ್ಲೈವುಡ್ ನಿಲ್ಲಿಸಿ ಎರಡು ಮಾಡಿದ್ದಾರೆ. ಒಬ್ಬರನ್ನು ಆಚೆ ಕೂರಿಸಿ ಇನ್ನೊಬ್ಬರನ್ನು ಈಚೆ ಕರೆದು ಮಾತಾಡುವುದು ನಮ್ಮ ಪದ್ಧತಿ. ಇಬ್ಬರಿಗೂ ಮೊದಲೇ ತಾಕೀತು ಮಾಡಿದೆ: "ಇಲ್ಲಿ ಆಡಿದ ಮಾತು ಗೌಪ್ಯ. ನಾನೂ ಹೇಳುವಂತಿಲ್ಲ, ನೀವೂ ಹೇಳುವಂತಿಲ್ಲ. ಇದು ಕಾನೂನು."

ಮೊದಲು ವ್ಯಾಪಾರಿ. "ಟ್ಯಾಂಕರ್ ಬಿದ್ರ ಅವರಾದ್ರೂ ಏನು ಮಾಡ್ತಾರ್ರಿ? ನಷ್ಟ ಅರ್ಧ ಅವರು ಹೊತ್ರ ಸಾಕು. ಈ ಸಲದ ಹಣ್ಣೂ ಅವರ ಲಾರಿಗೇ ಏರಬೇಕ್ರಿ. ಬ್ಯಾರೆಯವರು ಹಣ್ಣನ್ನ ಕಲ್ಲು ಒಗದಂಗ ಒಗೀತಾರ. ಆದ್ರ ನಾ ಅಂದೆ ಅಂತ ಹೇಳಬ್ಯಾಡ್ರಿ."

ಆಮೇಲೆ ಸಾಹೇಬರು. "ಖರೆ ಹೇಳ್ತೇನೆ ಮೇಡಂ, ನಮ್ಮ ಡ್ರೈವರ್ ಒಂದು ಫೋನ್ ಮಾಡಬೇಕಿತ್ತು. ಅರ್ಧ ನಷ್ಟ ನಾನೇ ಹೊರ್ತೇನೆ. ಅವರ ಹಣ್ಣು ಬಿಟ್ಟರೆ ನನ್ನ ಲಾರಿಗೆ ಮಳೆಗಾಲದವರೆಗೆ ಕೆಲಸ ಇಲ್ಲ. ಆದ್ರೆ ನಾನಾಗಿ ಹೇಳೋದಿಲ್ಲ, ನೀವೂ ಹೇಳಬೇಡಿ."

ಇಬ್ಬರ ಗುಟ್ಟೂ ಒಂದೇ. ನನ್ನ ಬಾಯಿಗೆ ಮಾತ್ರ ಕಾನೂನಿನ ಬೀಗ. ಒಬ್ಬರು ಒಂದು ಮಾತು ಆಡಿದರೆ ಹದಿನೈದು ವರ್ಷದ ನಂಟು ಉಳಿಯುತ್ತದೆ, ಆಡದಿದ್ದರೆ ಮುರಿಯುತ್ತದೆ ಎಂದು ನನಗೆ ನಿಜವಾಗಿ ಸಂಕಟವಾಯಿತು. ಎದುರುಬದುರು ಕೂರಿಸಿ, "ಏನಾದರೂ ಹೇಳುವುದಿದೆಯೇ?" ಎಂದೆ. ಇಬ್ಬರೂ ಫ್ಯಾನು ನೋಡಿದರು.

ಆ ರಾತ್ರಿ ಅದನ್ನೇ ನೆನೆದು ಮನೆಯಲ್ಲಿ ಸುಮ್ಮನೆ ನಗುತ್ತ ಕೂತಿದ್ದೆ. "ಎಂತಕ್ಕೆ ಒಬ್ಳೇ ನಗ್ತೆ?" ಎಂದು ನಮ್ಮವರು ಕೇಳಿದರು. ಗೌಪ್ಯ ಎಂದೆ. "ಹಂಗಾರೆ ಇವತ್ತಿನ ಸಾರಿಗೆ ಎಂತ ಹಾಕಿದ್ದಿ ಅಂತ ನಾನೂ ಹೇಳ್ತಿಲ್ಲೆ," ಎಂದರು, ಒಲೆಯ ಮುಂದೆ ಸಾರು ಕುದಿಸುತ್ತಿದ್ದ ಅವರು.

೪. ದಾಖಲೆ

ಎರಡೂವರೆ ತಿಂಗಳು ಕಳೆಯಿತು. ಬನವಾಸಿಯಲ್ಲಿ ಕೊಯ್ಲು ಶುರುವಾಗುವ ಹೊತ್ತು. ಒಂದು ಸೋಮವಾರ ವ್ಯಾಪಾರಿ ಮೊದಲ ಹಣ್ಣೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟರು.

"ಕಕ್ಷಿದಾರರಿಂದ ನಾನು ಏನೂ ತಗೊಳ್ಳುವಂತಿಲ್ಲ," ಎಂದೆ.

"ಹಂಗಾರ ದಾಖಲೆ ಅಂತ ಇಟ್ಕೋರಿ."

ವಾಪಸು ಒಯ್ಯಲು ಒಪ್ಪಲಿಲ್ಲ. ಹಣ್ಣು ಕಪಾಟಿನ ಮೇಲೆ ಕೂತಿತು. ಇನ್ನೆರಡು ತಿಂಗಳು ಕೇಳುವ ಅರ್ಜಿ ಮುಂದಿಟ್ಟೆ. ಅಷ್ಟು ದಿನದಲ್ಲಿ ಇಬ್ಬರೂ ಒಟ್ಟಿಗೆ ಒಪ್ಪಿದ್ದು ಅದೊಂದಕ್ಕೇ, ಪೆನ್ನೂ ಒಂದೇ. ಸಹಿ ಬೀಳುವ ಮೊದಲು, ಟೈಪಿಂಗು, ಚಹಾ, ಸಲಹೆ ಮೂರನ್ನೂ ನೋಡಿಕೊಳ್ಳುವ ನಮ್ಮ ಸಿದ್ದಾಪುರದ ಗುಮಾಸ್ತರು ಬಂದು ಹಣ್ಣು ಮೂಸಿ ನೋಡಿದರು.

"ಕಾನೂನು ಇನ್ನೂ ಎರಡು ತಿಂಗಳು ತಡೀತು ತಂಗಿ, ಈ ಹಣ್ಣು ಗುರುವಾರ ದಾಟ್ತಿಲ್ಲೆ."

ಅರ್ಜಿ ಬದಿಗಿಟ್ಟು, ಮುಂದಿನ ತಾರೀಖು ಗುರುವಾರಕ್ಕೇ ಹಾಕಿದೆ.

೫. ಗುರುವಾರ

ಬಾಗಿಲು ತೆಗೆದರೆ ಕೋಣೆಯ ತುಂಬ ಹಣ್ಣಿನ ವಾಸನೆ. ಗುಮಾಸ್ತರು ಯಾರನ್ನೂ ಕೇಳದೆ ದಾಖಲೆಯನ್ನು ಹೆಚ್ಚಿ, ಉಪ್ಪು ಖಾರ ಉದುರಿಸಿ, ಇಬ್ಬರ ನಡುವೆ ಇಟ್ಟರು. ಇಬ್ಬರೂ ಒಂದೇ ತಟ್ಟೆಗೆ ಕೈ ಹಾಕಿ ತಿಂದರು. ಮಾತು ಮಾತ್ರ ಇಲ್ಲ. ಕೊನೆಯ ಹೋಳೂ ಖಾಲಿಯಾದಾಗ ನನ್ನ ತಾಳ್ಮೆಯೂ ಖಾಲಿಯಾಯಿತು.

"ನಾನು ಹೇಳುವಂತಿಲ್ಲ, ನೀವು ಹೇಳುವುದಿಲ್ಲ. ಒಬ್ಬರ ಮನಸ್ಸಿನಲ್ಲಿ ಏನಿದೆ ಅಂತ ಇನ್ನೊಬ್ಬರಿಗೆ ಗೊತ್ತಿದ್ದಿದ್ದರೆ ಇವತ್ತೇ ಮುಗಿಯುತ್ತಿತ್ತು!" ಎಂದೆ.

"ಗೊತ್ತಿದೆಯಲ್ಲ ಮೇಡಂ," ಎಂದರು ಸಾಹೇಬರು. "ಅರ್ಧ ನಷ್ಟ, ಮತ್ತೆ ಹಣ್ಣು ನನ್ನ ಲಾರಿಗೆ. ಮೊದಲನೇ ದಿನವೇ ಪ್ಲೈವುಡ್ ಆಚೆಯಿಂದ ಎಲ್ಲ ಕೇಳಿಸಿತ್ತು."

"ನನಗೂ ಕೇಳಿತ್ರಿ," ಎಂದರು ವ್ಯಾಪಾರಿ. "ಫೋನ್ ಮಾಡದ್ದು ಡ್ರೈವರ್ ತಪ್ಪು ಅಂದಿದ್ರು."

ನಾನು ಪೆನ್ನು ಕೆಳಗಿಟ್ಟೆ. "ಮತ್ತೆ ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ?"

ಇಬ್ಬರೂ ನನ್ನನ್ನು ಕನಿಕರದಿಂದ ನೋಡಿದರು. "ಗೌಪ್ಯ, ಹೇಳಬಾರದು ಅಂತ ನೀವೇ ತಾಕೀತು ಮಾಡಿದ್ರಲ್ಲ ಮೇಡಂ," ಎಂದರು ಸಾಹೇಬರು. "ಕಾನೂನು ಮುರಿಯಾಕ ಬರ್ತೈತೇನ್ರಿ?" ಎಂದರು ವ್ಯಾಪಾರಿ.

ಮೂವರೂ ನಕ್ಕು ನಕ್ಕು ಸುಸ್ತಾದೆವು. ಕಣ್ಣೊರೆಸಿಕೊಂಡು, ಒಪ್ಪಂದ ಟೈಪ್ ಮಾಡಿ ಎಂದು ಗುಮಾಸ್ತರಿಗೆ ಹೇಳಿದೆ. ಅವರು ಮೇಜಿನ ಖಾನೆ ಎಳೆದು, ಅಂಚು ಹಳದಿಯಾಗಿದ್ದ ಎರಡು ಹಾಳೆ ತೆಗೆದು ನನ್ನ ಮುಂದಿಟ್ಟರು.

"ಪ್ಲೈವುಡ್ ನಂಗೂ ಅಷ್ಟೇ ದಪ್ಪ ತಂಗಿ. ಮೊದಲ್ನೇ ದಿನವೇ ನಾನೇ ಟೈಪ್ ಮಾಡಿ ಇಟ್ಟಿದ್ದಿ. ತಾರೀಖೊಂದು ಹಾಕದು ಬಾಕಿ ಇದ್ದು."