ಕಾಕಾನ ಎರಡು ಕಂಪ್ಯೂಟರಿಗೆ ಒಂದೇ ಹೆಸರು

ನಮ್ಮ ಕಾಕಾನಷ್ಟು ಮೊಂಡ ಮನುಷ್ಯ ಧಾರವಾಡದಲ್ಲಿ ಇನ್ನೊಬ್ಬ ಇದ್ದಿದ್ದರೆ, ಅವನನ್ನು ಇವರು ಹುಬ್ಬಳ್ಳಿಗೆ ಓಡಿಸಿಯೇ ಬಿಟ್ಟಿರುತ್ತಿದ್ದರು!

ಕೋರ್ಟಿನಲ್ಲಿ ಕಾರಕೂನರಾಗಿ ನಿವೃತ್ತರಾದ ಮೇಲೆ ಅವರಿಗೆ ಕಂಪ್ಯೂಟರ್ ಹುಚ್ಚು ಹಿಡಿಯಿತು. ಮಾಳಿಗೆಯ ಮೇಲೆ ತಮ್ಮ ಕೋಣೆಯಲ್ಲಿ ಒಂದು, ಕೆಳಗೆ ಅಡಿಗೆಮನೆಯ ಮಗ್ಗುಲಿಗೆ ಕಾಕಿಗೊಂದು. ಗಂಟಲಿನ ಆಪರೇಷನ್ ಆಗಿ ಕಾಕಿಯ ಧ್ವನಿ ಹೋಗಿ ಐದು ತಿಂಗಳಾಗಿತ್ತು. ಮೊದಲಾದರೆ ಮೆಟ್ಟಿಲ ಬುಡದಲ್ಲಿ ನಿಂತು ಅವರು "ಏನ್ರೀ..." ಎಂದು ಕೂಗಿದರೆ ಓಣಿಯ ನಾಲ್ಕು ಮಂದಿ ಗಂಡಸರು ಓಗೊಡುತ್ತಿದ್ದರು! ಈಗ ಕೆಳಗೆ ಅವರು ಟೈಪ್ ಮಾಡಿದ್ದು ಮೇಲೆ ಕಾಕಾನ ಪರದೆಗೆ ಬರಬೇಕು. ಇಷ್ಟೇ ಯೋಜನೆ.

"ಒಂದ್ ಗಂಟಿ ಕಟ್ಟಿದ್ರ ಸಾಕಾಗಿತ್ತಲ್ರಿ ಕಾಕಾ?" ಎಂದೆ.

"ಗಂಟಿಗೆ ಬೈಯಾಕ ಬರತೈತೇನಲೇ?"

ಹುಬ್ಬಳ್ಳಿಯ ದುರ್ಗದಬೈಲ್ ಹತ್ತಿರದ ಅಂಗಡಿಯಿಂದ ನೆಟ್‌ವರ್ಕ್ ಕಾರ್ಡು ತಂದು, ಕೇಬಲ್ ಎಳೆದು ಚಾಲೂ ಮಾಡಿದ್ದೇ ತಡ, ಪರದೆಯ ಮೇಲೆ ಏನೋ ತಪ್ಪಾಗಿದೆ ಎಂಬ ಸಂದೇಶ. ಕೆಳಗೆ 'ಓಕೆ' ಎಂಬ ಗುಂಡಿ. ಯಾರಾದರೂ ಏನು ಮಾಡುತ್ತಾರೆ? ಒತ್ತುತ್ತಾರೆ. ಕಾಕಾ ಒತ್ತಲಿಲ್ಲ!

"ಓಕೆ ಅಂದ್ರ ತಪ್ಪು ನಂದು ಅಂತ ಒಪ್ಪಿಕೊಂಡಂಗ. ಇಷ್ಟ್ ವರ್ಷ ಕೋರ್ಟಿನ್ಯಾಗ ಇದ್ದೇನಿ, ನನಗ ಕಲಸ್ತೀಯೇನು?"

ಮರುದಿನ ಕರೆಂಟು ಹೋಗುವ ತನಕ ಸಂದೇಶ ಅಲ್ಲೇ ನಿಂತಿತ್ತು. ಕರೆಂಟು ಬಂತು, ಸಂದೇಶವೂ ಬಂತು. ಕಾಕಾ ಕಾರ್ಡು ಕಿತ್ತು ರಬ್ಬರಿನಿಂದ ಉಜ್ಜಿದರು. ಕೇಬಲ್ ಬದಲಿಸಿದರು. ಕಾರ್ಡನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹುಬ್ಬಳ್ಳಿಗೆ ಮೂರು ಸಲ ಹೋಗಿಬಂದರು. ಅಂಗಡಿಯವನು ಮೂರೂ ಸಲ "ಕಾರ್ಡ್ ಛಲೋ ಐತ್ರಿ" ಎಂದ. ಆ ಸಂದೇಶವನ್ನು ಒಮ್ಮೆ ಪೂರ್ತಿ ಓದುವ ಬುದ್ಧಿ ಮಾತ್ರ ಈ ಮಹಾಶಯರಿಗೆ ಬರಲಿಲ್ಲ. ಮೂರು ವಾರ ಕಾಕಿ ಅವರನ್ನು ಕರೆಯಲು ಮೆಟ್ಟಿಲು ಹತ್ತಿ ಇಳಿದರು.

ಕೊನೆಗೆ ನಾನೇ ಓದಿದೆ. ಈ ಹೆಸರಿನ ಕಂಪ್ಯೂಟರ್ ಆಗಲೇ ಒಂದಿದೆ ಎಂದಿತ್ತು.

"ಎರಡಕ್ಕೂ ನಿಮ್ಮ ಹೆಸರ ಇಟ್ಟೀರಲ್ರಿ!"

"ಮತ್ತ? ಈ ಮನಿಗೆ ಯಜಮಾನ್ರು ಎಷ್ಟ್ ಮಂದಿ?"

"ಕೆಳಗಿಂದಕ್ಕ ಕಾಕಿ ಹೆಸರ ಹಾಕ್ರಿ."

ಕಾಕಾ ಕೆಂಪಗಾದರು. ಹೆಂಡತಿಯ ಹೆಸರನ್ನು ಅವರು ಜನ್ಮದಲ್ಲಿ ಹೇಳಿದ್ದು ಒಂದೇ ಸಲ, ಮದುವೆಯಲ್ಲಿ ಹೆಂಗಸರು ಬಾಗಿಲು ಅಡ್ಡಗಟ್ಟಿ ಹೆಸರು ಕೂಡಿಸಿ ಒಡಪು ಹೇಳಿಸಿದಾಗ. ಅಲ್ಲಿಂದ ಮುಂದೆ ಬರೀ "ಇಲ್ನೋಡು"!

"ನೀನ ಹಾಕು" ಎಂದರು.

"ನಾ ಒಲ್ಲೆರಿ. ನಿಮ್ಮ ಹೆಂಡ್ತಿ, ನೀವ ಹಾಕ್ರಿ."

ಕೆಳಗೆ ಕೂತು ಒಂದೇ ಬೆರಳಿನಲ್ಲಿ ಕುಟ್ಟಿದರು. ಎರಡನೆಯ ಅಕ್ಷರ ತಪ್ಪಿತು. ಅಳಿಸಿದರು. ಕಾಕಿ ಬಾಗಿಲಲ್ಲಿ ನಿಂತು ಸೆರಗು ಬಾಯಿಗಿಟ್ಟುಕೊಂಡು ನೋಡುತ್ತಿದ್ದರು. ಹೆಸರು ಪೂರ್ತಿಯಾದಾಗ ಕಾಕಾ ಯಾರ ಮುಖವನ್ನೂ ನೋಡದೆ ಮಾಳಿಗೆ ಹತ್ತಿದರು. ನಾನು ಹಿಂದೆಯೇ ಹೋದೆ.

ಈ ಸಲ ತಪ್ಪಿನ ಸಂದೇಶ ಬರಲಿಲ್ಲ. ಕಾಕಿಗೆ ಟೈಪ್ ಮಾಡುವುದನ್ನು ನಾನು ಮೊದಲೇ ಕಲಿಸಿದ್ದೆ. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಒಂದೇ ಮಾತು ಮೂಡಿತು: ಏನ್ರೀ.

"ಓ, ಬಂದ್ನಿ!" ಎಂದು ಕಾಕಾ ಗಟ್ಟಿಯಾಗಿ ಕೂಗಿದರು. ಕನ್ನಡಕ ಮೇಜಿನ ಮೇಲೆಯೇ ಬಿಟ್ಟು ದಡದಡ ಮೆಟ್ಟಿಲಿಳಿದರು. ಮೂರು ವಾರ ಅವರನ್ನು ಆಡಿಕೊಂಡಿದ್ದ ನನಗೆ ನಾಚಿಕೆಯಾಯಿತು, ಕಣ್ಣೂ ತುಂಬಿತು. ಕೆಳಗಿನಿಂದ ಅವರ ಧ್ವನಿ ಮೆತ್ತಗೆ ಕೇಳಿಸಿತು.

"ಕರದ್ಯಾ?"