ಮಾಸ್ತರರ ಮರುಮೌಲ್ಯಮಾಪನ

ಪುಣೆಯ ಕನ್ನಡ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿ ನಿವೃತ್ತರಾದ ಸಿದ್ದಲಿಂಗಪ್ಪ ಮಾಸ್ತರರಿಗೆ ದೇವರು ಕಡಿಮೆ ಮಾಡಿದ್ದೇನೂ ಇರಲಿಲ್ಲ. ಪಿಂಚಣಿ ತಪ್ಪದೆ ಬರುತ್ತಿತ್ತು, ಮೊಣಕಾಲು ಇನ್ನೂ ಮಡಚುತ್ತಿದ್ದವು, ಬಾಯಲ್ಲಿ ಇಪ್ಪತ್ಮೂರು ಹಲ್ಲು ಸ್ವಂತದವು. ಇಲ್ಲದಿದ್ದದ್ದು ಒಂದೇ. ಆ ಬಾಯಿಂದ ಬರುವ ಮಾತನ್ನು ಕೇಳುವವರು.

ಅವರು 'ಇಲ್ಲಿ ನೋಡು' ಎಂದು ಆರಂಭಿಸುವಷ್ಟರಲ್ಲಿ ಮಗ ಬಸವಪ್ರಭು ರಾಂಜಣಗಾಂವದ ಕಾರ್ಖಾನೆಯ ಬಸ್ಸು ತಪ್ಪುತ್ತದೆಂದು ಬೂಟು ಹುಡುಕುತ್ತಿದ್ದ. ಸೊಸೆ ಶೈಲಶ್ರೀ 'ಹೌದ್ರಿ ಮಾವಾರ' ಎಂದು ಒಪ್ಪಿಬಿಡುತ್ತಿದ್ದಳು. (ಒಪ್ಪಿದವರ ಮುಂದೆ ಎಷ್ಟು ಹೊತ್ತು ಮಾತಾಡಲು ಸಾಧ್ಯ?) ಹೆಂಡತಿ ಶಿವಬಸವ್ವ ನಲವತ್ನಾಲ್ಕು ವರ್ಷಗಳ ಸಂಸಾರದಲ್ಲಿ ಅವರ ಮಾತನ್ನೆಲ್ಲ ಎಂದೋ ಕೇಳಿ ಮುಗಿಸಿದ್ದಳು. ಸೊಸೈಟಿಯ ಕಾವಲುಗಾರ ಮೊದಮೊದಲು ಕೇಳುತ್ತಿದ್ದ. ಆಮೇಲೆ ಮಾಸ್ತರರ ಕೊಡೆಯ ತುದಿ ಕಂಡರೆ ಸಾಕು, ಅವನಿಗೆ ನೀರಿನ ಮೋಟಾರಿನ ನೆನಪಾಗತೊಡಗಿತು.

ಹೀಗಿರಲು ಒಂದು ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಮೊಮ್ಮಗಳು ಶಿವಾನಿ ಕಾಲೇಜಿನ ಗೆಳತಿಯರಿಬ್ಬರನ್ನು ಕರೆತಂದು ಪಡಸಾಲೆಯ ಟೀವಿಯ ಮುಂದೆ ಕುಳಿತಳು. ಒಬ್ಬಳು ಬೆಂಗಳೂರು ಕಡೆಯ ರಕ್ಷಿತ, ಇನ್ನೊಬ್ಬಳು ಕರ್ವೆನಗರದ ಮರಾಠಿ ಹುಡುಗಿ ನೀಲಿಮಾ. ಥಾಯ್ಲೆಂಡಿನ ಧಾರಾವಾಹಿ. ಬಿಳಿ ಅಂಗಿ ತೊಟ್ಟ ಹುಡುಗನೊಬ್ಬ ಕಾಲೇಜಿನ ಮೆಟ್ಟಿಲ ಮೇಲೆ ಎಡವಿದ. ಬಿಳಿ ಅಂಗಿಯ ಇನ್ನೊಬ್ಬ ಹಿಡಿದ. ಬಿದ್ದದ್ದನ್ನೂ ಹಿಡಿದದ್ದನ್ನೂ ನಿಧಾನವಾಗಿ ಮೂರು ದಿಕ್ಕಿನಿಂದ ಮೂರು ಸಲ ತೋರಿಸಿದರು.

"ಹುಡುಗಿ ಯಾವಾಗ ಬರ್ತಾಳ?" ಎಂದು ಮಾಸ್ತರರು ಕೇಳಿದರು.

ಗೋಡೆಗೆ ಒರಗಿ ಕೊತ್ತಂಬರಿ ಸೋಸುತ್ತಿದ್ದ ಶಿವಬಸವ್ವ ತಲೆಯೆತ್ತದೆ ಹೇಳಿದಳು: "ಹುಡುಗಿ ಬರೂದಿಲ್ರಿ. ಇವರಿಬ್ಬರದ ಪ್ರೀತಿ."

"ನಿನಗ್ಯಾರು ಹೇಳಿದ್ರು?"

"ಮಾರಿ ನೋಡಿದ್ರ ತಿಳೀತದಲ್ಲ."

ಶಿವಾನಿ ರಿಮೋಟನ್ನು ಬಿಗಿಯಾಗಿ ಹಿಡಿದಳು. ಇನ್ನೇನು ಅಜ್ಜ ಸಂಸ್ಕೃತಿಯ ಮೇಲೆ ಒಂದೂವರೆ ತಾಸಿನ ಪಾಠ ಶುರು ಮಾಡುತ್ತಾನೆ ಎಂದು ಅವಳ ಭಯ. ಮಾಸ್ತರರು ಬಾಯಿ ತೆರೆದದ್ದೂ ಅದಕ್ಕೇ. ಆದರೆ ಅಷ್ಟರಲ್ಲಿ ಅವರಿಗೆ ತಮ್ಮೂರಿನ ಬಡಿಗೇರ ಚನ್ನವೀರ ನೆನಪಾದ. ಹಗಲೆಲ್ಲ ಕುಂಟೆ ಕೂರಿಗೆ ಕೆತ್ತುತ್ತಿದ್ದ ಚನ್ನವೀರ ನಾಟಕದ ದಿನ ಸೀರೆಯುಟ್ಟು ನಾಯಕಿಯಾಗುತ್ತಿದ್ದ. ಐದನೆಯ ಅಂಕದ ಹೊತ್ತಿಗೆ ಗಲ್ಲದ ಮೇಲೆ ಗಡ್ಡ ಮೊಳೆಯುತ್ತಿತ್ತು. ಆದರೂ ನಾಯಕನಾಗಿದ್ದ ಕಿರಾಣಿ ಅಂಗಡಿಯವನು ಅವನನ್ನು ಬಿಟ್ಟು ಹೊರಟಾಗ ಊರಿಗೆ ಊರೇ ಅಳುತ್ತಿತ್ತು. ಮಾಸ್ತರರ ತಂದೆ, ಸ್ವಂತ ಎಮ್ಮೆ ಸತ್ತಾಗಲೂ ಅಳದಿದ್ದವರು, ಅಂದು ತಲೆಗೆ ಸುತ್ತಿದ ಪಟಕಾದ ತುದಿಯಿಂದ ಮೂಗು ಒರೆಸಿಕೊಂಡಿದ್ದರು. (ಅದು ಬೇರೆ, ಇದು ಬೇರೆ ಎನ್ನುವವರು ಅನ್ನಲಿ. ಅತ್ತವರಿಗೆ ಅಂಥ ವ್ಯತ್ಯಾಸ ತಿಳಿಯುವುದಿಲ್ಲ.) ಇಬ್ಬರು ಗಂಡಸರ ಪ್ರೀತಿ ಮಾಸ್ತರರನ್ನು ಅಷ್ಟೊಂದು ಬೆಚ್ಚಿಸಲಿಲ್ಲ. ಇಷ್ಟು ಕೆಟ್ಟದಾಗಿ ಪ್ರೀತಿಸುವವರನ್ನು ಮಾತ್ರ ಅವರು ಮೊದಲ ಸಲ ಕಂಡಿದ್ದರು.

"ಆ ಮೆಟ್ಟಿಲ ಮ್ಯಾಲ ಎಣ್ಣಿ ಚೆಲ್ಯದೇನು? ಮೂರು ಸಲಾ ಬಿದ್ದ," ಎಂದರು. "ಆ ಹಿಡದಾವನರ ನೋಡು. ಗೋಧಿ ಚೀಲಾ ಇಳಿಸಿಕೊಂಡಂಗ ಹಿಡದಾನ."

ರಕ್ಷಿತ ಕುಡಿಯುತ್ತಿದ್ದ ನೀರು ಮೂಗಿಗೇರಿ ಕೆಮ್ಮಿದಳು. ನೀಲಿಮಾ ಶಿವಾನಿಯ ಭುಜಕ್ಕೆ ಮುಖವಿಟ್ಟು ನಕ್ಕಳು. ಏಳು ವರ್ಷಗಳ ಮೇಲೆ ಮಾಸ್ತರರ ಕಿವಿಗೆ ತರಗತಿಯೊಂದು ನಗುವ ಸದ್ದು ಬಿತ್ತು. ಅವರು ಎದ್ದು ಹೋಗಿ ಕಪಾಟಿನಿಂದ ಕೆಂಪು ಪೆನ್ನು ತಂದರು.

ಅಲ್ಲಿಂದ ಮುಂದೆ ಹನ್ನೊಂದು ಶನಿವಾರ ಆ ಮನೆಯಲ್ಲಿ ಪರೀಕ್ಷಾ ಕೇಂದ್ರ ನಡೆಯಿತು. ಥಾಯ್ಲೆಂಡು, ಕೊರಿಯಾ, ತೈವಾನು, ಯಾವ ದೇಶದ ಹುಡುಗರು ಬಂದರೂ ಮಾಸ್ತರರ ಕೈಯಲ್ಲಿ ಪಾಸಾಗಲಿಲ್ಲ. ನೂರರಲ್ಲಿ ಒಂದಕ್ಕೆ ಇಪ್ಪತ್ತೆರಡು, ಒಂದಕ್ಕೆ ಹದಿನೇಳು, ಒಂದಕ್ಕೆ ಬರೀ ಒಂಬತ್ತು.

"ಎಂಜಿನಿಯರಿಂಗ ಕಾಲೇಜಂತ. ಹನ್ನೆರಡು ಕಂತಿನ್ಯಾಗ ಒಬ್ಬನರ ಒಂದು ಲೆಕ್ಕಾ ಬಿಡಿಸ್ಯಾನೇನು? ನಾಳೆ ಇವರು ಕಟ್ಟಿದ ಸೇತುವೆ ಮ್ಯಾಲ ಯಾರು ಹೋಗಬೇಕು?"

"ಅಜ್ಜ, ಈಗ ಅಳೋ ಸೀನ್ ಇದೆ, ನೋಡಿ," ಎಂದಳು ರಕ್ಷಿತ.

"ನೋಡೇನಿ. ತಾಯಿ ದವಾಖಾನ್ಯಾಗ ಬಿದ್ದಾಳ, ಮಗಾ ಅಳಾಕತ್ತಾನ, ಗೆಣ್ಯಾ ಬಂದು ಸಮಾಧಾನ ಮಾಡೂದು ಬಿಟ್ಟು ಮಾರಿಗೆ ಹಚ್ಚೂ ಕ್ರೀಮ ಕೊಟ್ಟ. ಅದನೂ ಡಬ್ಬಿ ಹೆಸರು ನಮ್ಮ ಕಡೆ ತಿರುಗಿಸಿ."

ಕೊರಿಯಾದ ಇಬ್ಬರು ಚೆಲುವರು ಒಬ್ಬರ ಕಣ್ಣಲ್ಲೊಬ್ಬರು ಕಣ್ಣಿಟ್ಟು ನಿಂತಾಗ, "ಶಿರೂರಿನ ಬಸ್ಸು ಎಷ್ಟಕ್ಕದ ಅಂತ ಬೋರ್ಡು ನೋಡೋ ಮಂದಿ ಹಿಂಗ ನಿಂತಿರ್ತಾರ" ಎಂದರು. ಇನ್ನೊಂದರಲ್ಲಿ ಚೆನ್ನಾಗಿಯೇ ಇದ್ದ ನಾಯಕ ಇದ್ದಕ್ಕಿದ್ದಂತೆ ಪರದೇಶಕ್ಕೆ ಹೊರಟುಬಿಟ್ಟ. ಯಾಕೆ ಹೋದ ಎಂದು ಶಿವಾನಿಗೇ ತಿಳಿಯಲಿಲ್ಲ. ಮಾಸ್ತರರಿಗೆ ತಿಳಿದಿತ್ತು. "ಹನ್ನೊಂದನೇ ಕಂತು ಬಂತಲ್ಲ, ಅದಕ್ಕ ಹ್ವಾದ. ಹನ್ನೆರಡಕ್ಕ ಬರ್ತಾನ, ಅಂಗಿ ಇಸ್ತ್ರಿ ಮಾಡಿಟ್ಟಿರ್ರಿ." ಕಥೆಯಲ್ಲಿ ಅಪ್ಪಿತಪ್ಪಿ ಒಂದು ಹುಡುಗಿ ಬಂದರೆ ಬಾಗಿಲ ಮರೆಯಲ್ಲಿ ನಿಂತು ಹಲ್ಲು ಕಡಿಯುವುದೊಂದೇ ಅವಳ ಉದ್ಯೋಗವೆಂದು ಅವರು ಪ್ರತಿ ಸಲವೂ ಎರಡು ಅಂಕ ಕಳೆಯುತ್ತಿದ್ದರು. ನೀಲಿಮಾಳಿಗಾಗಿ ಅರ್ಧ ಬೈಗುಳವನ್ನು ಮರಾಠಿಯಲ್ಲೂ ಬೈಯುತ್ತಿದ್ದರು. ಅವಳು ಕಣ್ಣೊರೆಸಿಕೊಳ್ಳುತ್ತ, "ಆಜೋಬಾ, ಕಿತೀ ದಿಲೇ?" ಎಂದು ಅಂಕ ಕೇಳಿ ತನ್ನ ಮೊಬೈಲಿನಲ್ಲಿ ಬರೆದುಕೊಳ್ಳುತ್ತಿದ್ದಳು.

ಶಿವಬಸವ್ವನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲವಾದ್ದರಿಂದ ಕೆಳಗೆ ಬರುವ ಅಕ್ಷರಗಳ ಗೊಡವೆ ಇರಲಿಲ್ಲ. ಕಾಲು ತಾಸು ನೋಡಿ, ಗೋಡೆಗೆ ತಲೆಯಾನಿಸಿ ನಿದ್ದೆ ಹೋಗುತ್ತಿದ್ದಳು. ರಸಿಕತೆ ಇಲ್ಲದ ಜೀವವೆಂದು ಮಾಸ್ತರರು ಹುಡುಗಿಯರ ಕಡೆ ನೋಡಿ ಕನಿಕರದ ನಗೆ ನಗುತ್ತಿದ್ದರು.

ಶನಿವಾರಕ್ಕಾಗಿ ಅವರು ಇಸ್ತ್ರಿ ಮಾಡಿದ ಅಂಗಿ ತೊಡತೊಡಗಿದರು. ಹಂಗಿಸುವ ಮಾತುಗಳನ್ನು ಶುಕ್ರವಾರವೇ ವಹಿಯಲ್ಲಿ ಬರೆದಿಡುತ್ತಿದ್ದರು. ಉತ್ತರಪತ್ರಿಕೆ ಬರುವ ಮೊದಲೇ ಅಂಕ ಹಾಕಿಡುವುದು ಸರಿಯೇ ಎಂದು ಯಾರೂ ಕೇಳಬಾರದು. ಬಹಳ ವರ್ಷ ಪತ್ರಿಕೆ ತಿದ್ದಿದವರಿಗೆ ಹಾಗೆ ಮಾಡುವ ಧೈರ್ಯ ಬಂದಿರುತ್ತದೆ.

ಹನ್ನೆರಡನೆಯ ಶನಿವಾರ ಶಿವಾನಿ ಹೇಳಿದಳು: "ಅಜ್ಜಾ, ಇವತ್ತಿಂದು ಜಪಾನಿಂದು. ಎಂಟು ಸಣ್ಣ ಕಂತು. ನಾ ಮೊದಲ ನೋಡೀನಿ. ಸ್ವಲ್ಪ ಸಮಾಧಾನಲೆ ನೋಡು, ಹಾಂ?"

ಅದರಲ್ಲಿ ಬಿಳಿ ಅಂಗಿಯ ಹುಡುಗರೇ ಇರಲಿಲ್ಲ. ಸಣ್ಣ ಊರೊಂದರ ದರ್ಜಿ, ಮೂವತ್ತು ದಾಟಿದವನು, ಮುದಿ ತಂದೆಯ ಜೊತೆ ಇರುವವನು. ಅವನ ಅಂಗಡಿಗೆ ಕೋಟಿನ ಗುಂಡಿ ಹಚ್ಚಿಸಿಕೊಳ್ಳಲು ಬರುವ ಪ್ರಾಥಮಿಕ ಶಾಲೆಯ ಮಾಸ್ತರ. ಒಂದು ಗುಂಡಿ ಹಚ್ಚಿಸಿಕೊಂಡು ಹೋದ. ವಾರ ಬಿಟ್ಟು ಇನ್ನೊಂದು ಗುಂಡಿ. ನಾಲ್ಕು ಕಂತಿನಲ್ಲಿ ಆದದ್ದು ಐದು ಗುಂಡಿ, ಅಷ್ಟೇ. ಯಾರೂ ಬೀಳಲಿಲ್ಲ, ಯಾರೂ ಯಾರನ್ನೂ ಹಿಡಿಯಲಿಲ್ಲ. ಸಿದ್ದಲಿಂಗಪ್ಪ ಮಾಸ್ತರರು ಶುಕ್ರವಾರದ ವಹಿಯನ್ನು ಎರಡು ಸಲ ತಿರುವಿದರು. ಒಂದು ಮಾತೂ ಇದಕ್ಕೆ ಹೊಂದಲಿಲ್ಲ. ಅವರ ತೊಡೆಯ ಮೇಲಿನ ತಟ್ಟೆಯಲ್ಲಿ ಚುರುಮುರಿಯ ಗಿರಮಿಟ್ಟು ಹಾಗೆಯೇ ಮೆತ್ತಗಾಯಿತು.

ಏಳನೆಯ ಕಂತಿನಲ್ಲಿ ಆ ಮುದಿ ತಂದೆಗೆ ವಿಷಯ ತಿಳಿದಿದೆ. ಮಗನ ಜೊತೆ ಮೂರು ದಿನದಿಂದ ಮಾತಿಲ್ಲ. ಊಟದ ಹೊತ್ತು. ಶಾಲೆಯ ಮಾಸ್ತರ ಬಾಗಿಲ ಹೊರಗೆ ನಿಂತಿದ್ದಾನೆ, ಒಳಗೆ ಬರುವ ಧೈರ್ಯವಿಲ್ಲ. ಮುದುಕ ಎರಡು ಬಟ್ಟಲು ಇಟ್ಟು ಕುಳಿತ. ಆಮೇಲೆ ಮೊಣಕಾಲಿಗೆ ಕೈಯೂರಿ ಮತ್ತೆ ಎದ್ದ, ಒಳಗೆ ಹೋದ, ಮೂರನೆಯ ಬಟ್ಟಲು ತಂದು ಇಟ್ಟ. ಯಾರ ಮುಖವನ್ನೂ ನೋಡಲಿಲ್ಲ. ಹಿನ್ನೆಲೆಯಲ್ಲಿ ಪಿಟೀಲು ಬಾರಿಸಲಿಲ್ಲ. ಬೂಟು ಕಳಚುವ ಸದ್ದಷ್ಟೇ ಕೇಳಿಸಿತು.

ಸಿದ್ದಲಿಂಗಪ್ಪ ಮಾಸ್ತರರ ಕನ್ನಡಕ ಮಂಜಾಯಿತು. ತಾನಾಗಿದ್ದರೆ ಏಳುತ್ತಿದ್ದೆನೇ ಎಂಬ ಪ್ರಶ್ನೆ ಎಲ್ಲಿಂದಲೋ ಬಂದು ಎದೆಗೆ ಕುಳಿತು ಏಳಲೊಲ್ಲದು. "ಮೆಣಸಿನಕಾಯಿ ಭಾಳ ಖಾರ ಆಗ್ಯಾವ" ಎಂದು ಮುಟ್ಟದ ಗಿರಮಿಟ್ಟಿನ ಮೇಲೆ ಅಪವಾದ ಹೊರಿಸಿ ಕಣ್ಣೊರೆಸಿಕೊಂಡರು.

ಎಂಟನೆಯ ಕಂತು ಮುಗಿಯಿತು. ಮೂರು ಹುಡುಗಿಯರೂ ತಿರುಗಿ ಅವರನ್ನೇ ನೋಡಿದರು.

ಆ ಅರೆನಿಮಿಷದಲ್ಲಿ ಮಾಸ್ತರರ ತಲೆಯಲ್ಲಿ ದೊಡ್ಡ ವಿಚಾರಣೆಯೇ ನಡೆಯಿತು. ಚೆನ್ನಾಗಿದೆ ಎಂದರೆ ಹುಡುಗಿಯರು ಹೌದೆಂದು ಎದ್ದು ಹೋಗುತ್ತಾರೆ. ಹೊಗಳಿಕೆ ಕೇಳಲು ಯಾರು ಬರುತ್ತಾರೆ? ಮೂವತ್ತೊಂದು ವರ್ಷದಲ್ಲಿ ಎಷ್ಟೋ ಮಕ್ಕಳನ್ನು ಅವರು ಹೊಗಳಿದ್ದರು, ಒಬ್ಬರಿಗೂ ಅದು ನೆನಪಿರಲಿಲ್ಲ. ಮದುವೆಮನೆಗಳಲ್ಲಿ ಸಿಕ್ಕ ಹಳೆಯ ವಿದ್ಯಾರ್ಥಿಗಳೆಲ್ಲ ಒಪ್ಪಿಸುತ್ತಿದ್ದದ್ದು ಅವರ ಬೈಗುಳವನ್ನೇ. ಈ ತರಗತಿ ಉಳಿಯಬೇಕಾದರೆ ದಾರಿ ಒಂದೇ. ಅವರು ಕೆಂಪು ಪೆನ್ನಿನ ಟೋಪಿ ತೆಗೆದರು.

"ಇಪ್ಪತ್ತೆಂಟು," ಎಂದರು. "ಎಂಟು ಕಂತಿನ್ಯಾಗ ಒಂದ ಕೋಟು ಸುದ್ದ ಮಾಡ್ಲಿಕ್ಕೆ ಆಗಲಿಲ್ಲ. ತುಳಶೀಬಾಗದ ಬಜಾರಕ್ಕ ಹೋಗಿದ್ರ ಡಜನ್ ಗುಂಡಿ ಹತ್ತು ನಿಮಿಷದಾಗ ಸಿಗ್ತಿದ್ದು. ಆ ದರ್ಜಿ ಕೆಲಸಾ ಬಿಟ್ಟು ಬ್ಯಾರೆ ಏನರ ಕಲಿಯೂದು ಚಲೋ."

ಯಾರೂ ನಗಲಿಲ್ಲ. ನೀಲಿಮಾ ಮೂಗೊರೆಸಿಕೊಳ್ಳುತ್ತಿದ್ದಳು, ಅಂಕ ಬರೆದುಕೊಳ್ಳಲಿಲ್ಲ.

"ಅಜ್ಜಾ," ಎಂದಳು ಶಿವಾನಿ ಮೆಲ್ಲಗೆ, "ನಿನಗ ಖರೇನ ಸೇರಲಿಲ್ಲೇನು?"

"ಸೇರೂವಂಥಾದ್ದು ಏನಿತ್ತು ಅದರಾಗ?"

ಗೋಡೆಯ ಕಡೆಯಿಂದ ದನಿಯೊಂದು ಬಂತು. "ಗುಂಡಿ ತಾನಾಗಿ ಹರಿದಿದ್ದಿಲ್ರಿ."

ಎಲ್ಲರೂ ತಿರುಗಿದರು. ಶಿವಬಸವ್ವ ಎಚ್ಚರಾಗಿದ್ದಳು. ಅಷ್ಟೇ ಅಲ್ಲ, ನಾಲ್ಕು ತಾಸು ಎಚ್ಚರಾಗಿಯೇ ಇದ್ದಳು.

"ಆ ಸಾಲಿ ಮಾಸ್ತರ ತಾನ ಹರಕೊಂಡು ಬರ್ತಿದ್ದ. ಎರಡನೇ ಸಲಾ ಬಂದಾಗ ಕೋಟಿನ ಅರಿವಿ ಜಗ್ಗಿದ ಗುರ್ತು ಕಾಣಸ್ತದ ನೋಡ್ರಿ. ದರ್ಜಿಗೂ ಗೊತ್ತಾತು. ಅದಕ್ಕ ಅವ ಮೂರನೇ ಸಲಾ ಬೇಕಂತನ ಸಡಲ ಹೊಲದ, ಲಗೂ ಹರೀಲಿ ಅಂತ."

ಶಿವಾನಿ ಅದನ್ನು ಮೂರು ಸಲ ನೋಡಿದವಳು. ಅವಳಿಗೂ ಇದು ಹೊಳೆದಿರಲಿಲ್ಲ. ಹಿಂದೆ ತಿರುಗಿಸಿ ನೋಡಿದರು. ದರ್ಜಿ ಸೂಜಿಯನ್ನು ಎರಡೇ ಸಲ ಚುಚ್ಚಿ ತೆಗೆದು, ಒಂದು ಕ್ಷಣ ತಡೆದು, ದಾರ ಕತ್ತರಿಸಿಬಿಟ್ಟಿದ್ದ.

"ಅಜ್ಜಿ, ಸಬ್‌ಟೈಟಲ್ ಓದದೆ ನಿಮಗೆ ಹೇಗೆ ಗೊತ್ತಾಯ್ತು?" ರಕ್ಷಿತ ಆಗಲೇ ಸೋಫಾ ಬಿಟ್ಟು ಶಿವಬಸವ್ವನ ಪಕ್ಕ ನೆಲಕ್ಕೆ ಇಳಿದಿದ್ದಳು.

"ಕೈ ನೋಡಿದೆವ್ವಾ. ಚಲೋ ಇದ್ರ ಕೈಯಾಗ ಕಾಣಸ್ತದ. ಕೆಟ್ಟದ್ದಿದ್ರ ಬಾಯಿಲೇ ಹೇಳಬೇಕಾಗ್ತದ."

"ಮತ್ತ ಉಳದವು ನೋಡೂ ಮುಂದ ಯಾಕ ಮಲಗ್ತಿದ್ದಿ?" ಎಂದಳು ಶಿವಾನಿ.

"ಅವು ಬರೇ ಮಾತಾಡ್ತಾವ. ಸುಮ್ಮನ ಮಾತಾಡೋರ ಮುಂದ ಕುಂತ್ರ ನನಗ ನಿದ್ದಿ ಬರ್ತದ. ಲಗ್ನ ಆದಾಗಿಂದ ರೂಢಿ ಅದು."

ಆಗ ಹುಡುಗಿಯರು ನಕ್ಕ ನಗು ಹನ್ನೊಂದು ಶನಿವಾರಗಳ ನಗುವನ್ನೆಲ್ಲ ಕೂಡಿಸಿದರೂ ಅದಕ್ಕಿಂತ ದೊಡ್ಡದಿತ್ತು.

ಮುಂದಿನ ಶನಿವಾರ ಮಾಸ್ತರರು ಎರಡೂವರೆಗೇ ಅಂಗಿ ತೊಟ್ಟು ಕುಳಿತರು. ಶಿವಬಸವ್ವ ಇಳಕಲ್ ಸೀರೆಯುಟ್ಟು ಹೊರಗೆ ಬಂದಳು. ಹಿಂದೆಯೇ ಶಿವಾನಿ.

"ಅಜ್ಜಾ, ಇವತ್ತ ನೀಲಿಮಾನ ಮನ್ಯಾಗ ನೋಡ್ತೀವಿ. ಅಕಿ ಅಜ್ಜಿ ಕೃಷ್ಣಾಬಾಯಿಗೂ ನಮ್ಮಜ್ಜಿ ಮಾತು ಕೇಳಬೇಕಂತ. ನೀ ಆರಾಮ ಮಾಡು."

"ನಾನೂ ಖಾಲಿನ ಇದ್ದೆ."

"ನಿನಗ ಎಲ್ಲಿ ಸೇರ್ತಾವ ಅವು," ಎಂದಳು ಮೊಮ್ಮಗಳು, ಸಿಟ್ಟಿಲ್ಲದೆ. ಆಟೋ ಹೊರಟುಹೋಯಿತು.

ಮಾಸ್ತರರು ಪತ್ರಿಕೆಯನ್ನು ಎರಡು ಸಲ ಓದಿದರು, ಟೆಂಡರು ಜಾಹೀರಾತುಗಳನ್ನೂ ಬಿಡಲಿಲ್ಲ. ಮೂರೂವರೆಗೆ ತಡೆಯಲಾಗಲಿಲ್ಲ. ಆ ಮುದುಕ ಮೂರನೆಯ ಬಟ್ಟಲಿಗಾಗಿ ಏಳುವುದನ್ನು ಇನ್ನೊಮ್ಮೆ ನೋಡಬೇಕಿತ್ತು. ಟೀವಿ ಹಚ್ಚಿದರು. ಯಾರು ನೋಡುತ್ತಿರುವಿರಿ ಎಂದು ಟೀವಿ ಕೇಳಿತು. ಬಸವಪ್ರಭು, ಶೈಲಶ್ರೀ, ಶಿವಾನಿ ಎಂದು ಮೂರು ಬಣ್ಣದ ಮುಖಗಳು, ಅವುಗಳ ಪಕ್ಕದಲ್ಲಿ ಈ ವಾರವಷ್ಟೇ ಹುಟ್ಟಿದ ಗುಲಾಬಿ ಮುಖ 'ಅಜ್ಜಿ'. ಸಿದ್ದಲಿಂಗಪ್ಪ ಎಂಬ ಮುಖ ಎಲ್ಲಿಯೂ ಇರಲಿಲ್ಲ. ಯಾವುದನ್ನು ಒತ್ತಿದರೂ ನಾಲ್ಕಂಕಿಯ ಗುಟ್ಟಿನ ಸಂಖ್ಯೆ ಕೇಳಿತು. ಮಗ ಹುಟ್ಟಿದ ವರ್ಷ ಒತ್ತಿದರು, ಸ್ವಾತಂತ್ರ್ಯ ಬಂದ ವರ್ಷ ಒತ್ತಿದರು, ತಾವು ನಿವೃತ್ತರಾದ ವರ್ಷವನ್ನೂ ಒತ್ತಿದರು. ಟೀವಿ ಸರಕಾರಿ ಕಚೇರಿಯ ಗುಮಾಸ್ತನ ಹಾಗೆ ಎಲ್ಲವನ್ನೂ ತಿರಸ್ಕರಿಸಿತು.

ಕೊನೆಗೆ ಫೋನು ಮಾಡಿದರು.

"ಏನಜ್ಜಾ, ಲಗೂನ ಹೇಳು," ಎಂದು ಶಿವಾನಿ ಪಿಸುಗುಟ್ಟಿದಳು.

"ಟೀವಿದು ನಂಬರು ಏನು?"

"ಯಾಕ? ಇವತ್ತ ಮ್ಯಾಚ್ ಇಲ್ಲಲ್ಲ."

ಮಾಸ್ತರರು ಗಂಟಲು ಸರಿಮಾಡಿಕೊಂಡರು. "ಹ್ವಾದ ವಾರ ಜಪಾನಿನ ಪತ್ರಿಕಿ ಒಂದು ತಿದ್ದಿದ್ನಲ್ಲ. ಅದರ ಮರುಮೌಲ್ಯಮಾಪನ ಮಾಡೂದದ."

"ಅರ್ಜಿ ಯಾರು ಹಾಕ್ಯಾರ?"

"ಪರೀಕ್ಷಕನ ಹಾಕ್ಯಾನ."

"ಮೊದಲ ಖರೇ ಮಾರ್ಕ್ಸು ಹೇಳು. ಆಮ್ಯಾಲ ನಂಬರು."

ಮನೆಯಲ್ಲಿ ಯಾರೂ ಇರಲಿಲ್ಲ. ಆದರೂ ಮಾಸ್ತರರು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ತೊಂಬತ್ತೊಂದು."

ಅತ್ತ ಕಡೆ ಫೋನಿನ ಸ್ಪೀಕರು ತೆರೆದೇ ಇತ್ತೆಂಬುದು ಅವರಿಗೆ ಆಗ ತಿಳಿಯಿತು. ಮೂರು ಹುಡುಗಿಯರೂ ಗುರುತಿಲ್ಲದ ಒಬ್ಬ ಮುದುಕಿಯೂ ಒಟ್ಟಿಗೆ ನಕ್ಕರು. ನೀಲಿಮಾ, "ಆಜೋಬಾ ಪಾಸ್ ಝಾಲೇ" ಎಂದು ಫಲಿತಾಂಶ ಸಾರಿದಳು. ಸಂಖ್ಯೆ ಸಿಕ್ಕಿತು, ಒತ್ತಿದ ಕೂಡಲೇ ಟೀವಿಯಲ್ಲಿ ದರ್ಜಿಯ ಅಂಗಡಿ ಮೂಡಿತು. ಮರ್ಯಾದೆ ಹೋದರೆ ಹೋಯಿತು, ತರಗತಿಯಂತೂ ಮರಳಿ ಕಿವಿಗೆ ಸಿಕ್ಕಿದೆ ಎಂದು ಮಾಸ್ತರರಿಗೆ ಹುರುಪು ಬಂತು. ತೊಂಬತ್ತೊಂದು ಯಾಕೆ ಎಂಬುದರ ಮೇಲೆ ಇಡೀ ವಾರ ಮನಸ್ಸಿನಲ್ಲೇ ಕಟ್ಟಿಟ್ಟ ಭಾಷಣವಿತ್ತು. ಇಷ್ಟು ವರ್ಷದಲ್ಲಿ ಅಷ್ಟು ಒಳ್ಳೆಯ ಪಾಠವನ್ನು ಅವರು ಯಾರಿಗೂ ಹೇಳಿರಲಿಲ್ಲ.

"ಶಿವಾನಿ, ಕೇಳಿಲ್ಲೆ. ಆ ಮುದುಕ ಬಟ್ಟಲಾ ಇಡೂ ಮುಂದ ಯಾರ ಮಾರೀನೂ ನೋಡೂದಿಲ್ಲ. ಯಾಕಂದ್ರ..."

"ತಡಿ ಅಜ್ಜಾ. ಅಜ್ಜಿ ಹೇಳಾಕತ್ತಾಳ."

ದೂರದಲ್ಲಿ ಶಿವಬಸವ್ವನ ದನಿ ಕೇಳಿಸಿತು. ಮನೆಯಲ್ಲಿ ದಿನಕ್ಕೆ ಹತ್ತು ಮಾತಾಡದವಳು ಯಾವುದೋ ತೈವಾನಿನ ಇಬ್ಬರ ವಿಷಯವಾಗಿ ನಿರಾಳವಾಗಿ ಹೇಳುತ್ತಿದ್ದಳು: ಇವನು ಕೊಡೆ ಹಿಡಿದದ್ದು ಅವನಿಗಾಗಿ ಅಲ್ಲ, ಕ್ಯಾಮರಾಕ್ಕಾಗಿ, ಇವು ಎರಡೂ ಸುಳ್ಳು ಕೂಸುಗಳು, ಹಿಂದೆ ಚಹಾ ಸೋಸುತ್ತಿರುವ ಆ ಅಡುಗೆಯವಳೊಬ್ಬಳೇ ಖರೆ. ನಡುವೆ ಯಾರದೂ ಉಸಿರಿಲ್ಲ. ಅಂಥ ಶಾಂತತೆ ಸಿದ್ದಲಿಂಗಪ್ಪ ಮಾಸ್ತರರ ತರಗತಿಯಲ್ಲಿ ಇನ್‌ಸ್ಪೆಕ್ಟರು ಬಂದ ದಿನವೂ ಇರಲಿಲ್ಲ.

"ನಾನೂ ಒಂದ ಮಾತು..."

"ಕೇಳೂದಿದ್ರ ಫೋನು ಇಡಬ್ಯಾಡ, ಕೇಳು. ಆದ್ರ ನಡುವ ಗದ್ದಲಾ ಮಾಡಬ್ಯಾಡಜ್ಜಾ," ಎಂದಳು ಶಿವಾನಿ.

ಮಾಸ್ತರರು ಟೀವಿಯ ಸದ್ದು ಅಡಗಿಸಿ ಫೋನನ್ನು ಕಿವಿಗೆ ಒತ್ತಿಕೊಂಡರು. ಹತ್ತು ನಿಮಿಷಕ್ಕೆ ಅದು ಬ್ಯಾಟರಿ ಮುಗಿಯುತ್ತಿದೆಯೆಂದು ಕುಂಯ್‌ಗುಟ್ಟಿತು. ಅವಸರದಿಂದ ಚಾರ್ಜರು ತಂದು ಚುಚ್ಚಿದರು. ಅದರ ತಂತಿ ಗಿಡ್ಡ, ಕುರ್ಚಿಯವರೆಗೆ ಬರುವಂತಿರಲಿಲ್ಲ. ಮಾಸ್ತರರು ಇಸ್ತ್ರಿಯ ಅಂಗಿಯಲ್ಲೇ ಗೋಡೆಯ ಬುಡದಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಸದ್ದಾಗದಂತೆ ವಹಿಯ ಹೊಸ ಹಾಳೆ ತೆಗೆದರು.